ಕರುಗಳ ಮೂಲೆಯ ಕಾರು

ನಾಲ್ಕೂವರೆ ಆಯಿತೆಂದರೆ ಗುನ್ವೋರ್ ಬ್ರಾಸ್ಕ್ ಎದ್ದು ನಿಲ್ಲುತ್ತಿದ್ದಳು. ಹುಟ್ಟುಹಬ್ಬವಾಗಲಿ, ಸಾವಿನ ಮನೆಯಾಗಲಿ, ಕೈಯಲ್ಲಿ ಅರ್ಧ ಲೋಟ ಕಾಫಿ ಇರಲಿ, ತಟ್ಟೆಯಲ್ಲಿ ಏಲಕ್ಕಿ ಬನ್ನು ಇರಲಿ, ಗಡಿಯಾರದ ಮುಳ್ಳು ಅಲ್ಲಿಗೆ ಬಂದರೆ ಸಾಕು, ಕೋಟು ಹಾಕಿಕೊಂಡು ಹೊರಟೇಬಿಡುವಳು. ಐದಕ್ಕೆ ಹಾಲು ಕರೆಯಬೇಕಲ್ಲ. ಬೆಳಗ್ಗೆ ಐದು, ಸಂಜೆ ಐದು. ಹಸು ಸಾಕಿದವರ ಬಾಳೇ ಹಾಗೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ, ಅವಳ ಹತ್ತೊಂಬತ್ತು ಹಸುಗಳೂ ಲಾರಿ ಹತ್ತಿ ಹೋಗಿ ಎಂಟು ವರ್ಷವಾಗುತ್ತ ಬಂದಿದ್ದರೂ ಅವಳು ನಾಲ್ಕೂವರೆಗೆ ಏಳುವುದನ್ನು ಬಿಟ್ಟಿರಲಿಲ್ಲ.

"ಎಲ್ಲಿಗೆ ಓಡ್ತೀಯ? ಕೊಟ್ಟಿಗೇಲಿ ಇರೋದು ಹದಿನಾಲ್ಕು ಕಾರು. ಅವುಗಳ ಕೆಚ್ಚಲು ಬಿರಿಯುತ್ತಾ?" ಎಂದು ನಾನು ಛೇಡಿಸುತ್ತಿದ್ದೆ.

"ನಿನ್ನ ಕಾರು ಎಣ್ಣೆ ಸೋರಿಸ್ತಿದೆ, ಅದನ್ನ ಕರೆದಿಡ್ಬೇಕು," ಎನ್ನುವಳು.

ನಾನು ಸಿಕ್ಸ್ಟೆನ್. ಈ ನೋರ್‌ಬೆಕ್ ಹಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಊರವರು ಹೇಳುತ್ತಾರೆ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಕಾರು 1966ರದು, ಕಡುನೀಲಿ ಬಣ್ಣದ್ದು. ಅದು ಸೋರಿಸುವುದು ಒಂದೆರಡು ಹನಿ, ಅಷ್ಟೇ. ಆದರೆ ಈಗ ಹೇಳಹೊರಟಿರುವುದು ಗುನ್ವೋರಳ ಕಥೆ. ಹೋದ ಚಳಿಗಾಲ ಅವಳ ಗುಟ್ಟೊಂದನ್ನು ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಬಾಯಿ ಬಿಡಬಹುದು.

ನಮ್ಮ ಕಡೆ ಮೊದಲ ಹಿಮ ಬಿದ್ದ ದಿನದಿಂದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಜೊತೆಗೆ ಹಳೆಯ ಕಾರುಗಳ ತಗಡೂ ಕರಗುತ್ತದೆ. ಆದ್ದರಿಂದ ಹಳೆಯ ಕಾರಿನ ಹುಚ್ಚಿರುವವರೆಲ್ಲ ಅಕ್ಟೋಬರಿನಲ್ಲೇ ಅದನ್ನು ಒಳಗೆ ಸೇರಿಸಿ, ಆರು ತಿಂಗಳು ವಿರಹ ಅನುಭವಿಸುತ್ತಾರೆ. ಗುನ್ವೋರಳ ಹಸುಗಳು ಹೋದ ವರ್ಷವೇ ನನ್ನ ಗ್ಯಾರೇಜಿನ ಮಾಡು ಕುಸಿದಿತ್ತು. ಅವಳ ಕೊಟ್ಟಿಗೆ ಖಾಲಿ ಬಿದ್ದಿದೆಯಲ್ಲ ಎಂದು ಹೋಗಿ ಕೇಳಿದೆ. ಆಗಲಿ ಎಂದಳು. ನಾನು ದೊಡ್ಡ ಬುದ್ಧಿವಂತನ ಹಾಗೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಲು ಹೊರಟರೆ ಅವಳು ಅದನ್ನು ಎಳೆದು ಬಿಸಾಡಿದಳು.

"ಇದನ್ನ ಹೊದಿಸಿದ್ರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತೆ. ಹತ್ತಿ ಬಟ್ಟೆ ತಗೊಂಬಾ. ಟ್ಯಾಂಕು ತುಂಬಿಸಿದ್ದೀಯ?"

"ಯಾಕೆ ತುಂಬಿಸ್ಬೇಕು? ಓಡ್ಸೋದೇ ಇಲ್ವಲ್ಲ."

"ಖಾಲಿ ಜಾಗ ಇದ್ರೆ ನೀರು ಕೂರುತ್ತೆ. ಹೋಗಿ ತುಂಬಿಸ್ಕೊಂಡು ಬಾ. ಚಕ್ರಕ್ಕೆ ಗಾಳಿ ಸ್ವಲ್ಪ ಜಾಸ್ತಿ ಹಾಕ್ಸು. ಹ್ಯಾಂಡ್‌ಬ್ರೇಕ್ ಎಳೀಬೇಡ, ಅಂಟಿಕೊಳ್ಳುತ್ತೆ. ಹೊಗೆ ಕೊಳವೆಗೆ ಉಕ್ಕಿನ ನಾರು ತುರುಕು, ಇಲಿ ಹೋಗಲ್ಲ. ಬ್ಯಾಟರಿ ಬಿಚ್ಚಿ ಹಾಲಿನ ಕೋಣೇಲಿಡು."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಂಗಡಿಗೂ ಚರ್ಚಿಗೂ ಟ್ರ್ಯಾಕ್ಟರಿನಲ್ಲೇ ಬರುವ ಹೆಂಗಸು ಇವಳು. ಹಿಂಡಿ ಮೂಟೆ ತರಬೇಕಲ್ಲ, ಅದಕ್ಕೇ ಟ್ರ್ಯಾಕ್ಟರ್ ಎಂದು ಊರೆಲ್ಲ ಅಂದುಕೊಂಡಿತ್ತು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಎಲ್ಲೋ ಓದಿದ್ದೆ ಎಂದು ಮಾತು ಹಾರಿಸಿದಳು. ನಾನೂ ಅಷ್ಟಕ್ಕೇ ಬಿಟ್ಟೆ.

ಒಂದು ಕಾರು ಹೋಗಿ ಮೂರಾಯಿತು, ಮೂರು ಹೋಗಿ ಹದಿನಾಲ್ಕಾಯಿತು. ಕಟ್ಟೆ ಒಡೆಸಿ ನೆಲ ಸಮ ಮಾಡಿಸಿದಳು. ಹಸುಗಳ ಹೆಸರು ಬರೆದ ಹಲಗೆಗಳನ್ನು ಮಾತ್ರ ಗೋಡೆಯಿಂದ ತೆಗೆಯಲಿಲ್ಲ. ನನ್ನ ಕಾರು ನಿಲ್ಲುವುದು ಮೈರೋಸ್ ಎಂಬ ಹಸುವಿನ ಜಾಗದಲ್ಲಿ. ಬಾಗಿಲ ಬಳಿ, ಡೋಕಾ ಎಂಬ ಹಲಗೆಯ ಕೆಳಗೆ, ನಮ್ಮೂರ ರೂನೆಯ ಅಮೆರಿಕದ ಕಾರು. ಅದಕ್ಕೆ ಹಿಂದೆ ರೆಕ್ಕೆ, ಮುಂದೆ ಹಲ್ಲು, ಮಧ್ಯೆ ಒಂದು ನಾಟಕದ ಕಂಪನಿ ಕೂರುವಷ್ಟು ಜಾಗ. ಬೇರೆಲ್ಲೂ ಹಿಡಿಸುವುದಿಲ್ಲವೆಂದು ಅದಕ್ಕೆ ಬಾಗಿಲ ಬಳಿಯ ಜಾಗ. ಅದರ ಯಜಮಾನನ ಬಾಯಿಗೂ ಬಾಗಿಲಿಲ್ಲ, ಅದು ಬೇರೆ ಮಾತು.

ಕೀಲಿಗಳೆಲ್ಲ ಹಾಲಿನ ಕೋಣೆಯಲ್ಲಿ ಮೊಳೆಗೆ ನೇತುಬಿದ್ದಿರುತ್ತವೆ. ಚಳಿಗಾಲದಲ್ಲಿ ಯಾರು ಬೇಕಾದರೂ ಬಂದು ತನ್ನ ಕಾರನ್ನು ಕಣ್ತುಂಬ ನೋಡಬಹುದು, ಬಟ್ಟೆಯ ಮೇಲೆಯೇ ಸವರಬಹುದು, ಕೀಲಿ ಮಾತ್ರ ಕೇಳುವ ಹಾಗಿಲ್ಲ. ರೂನೆ ಪ್ರತಿ ಜನವರಿಯಲ್ಲೂ ಕೇಳುತ್ತಾನೆ.

"ಐದು ನಿಮಿಷ ಗುನ್ವೋರ್. ಅದರ ಸದ್ದು ಕೇಳದೆ ನಿದ್ದೆ ಬರ್ತಿಲ್ಲ."

"ಐದು ನಿಮಿಷ ಓಡಿಸಿ ನಿಲ್ಸಿದ್ರೆ ಎಂಜಿನ್ ಒಳಗೆ ನೀರು ಕಟ್ಟುತ್ತೆ. ಮಲಗಿರೋ ಹಸೂನ ಎಬ್ಬಿಸ್ತಾರೇನೋ? ಮನೇಗ್ ಹೋಗು."

ಇನ್ನು ವಸಂತ ಬಂದಾಗಿನ ಸಂಭ್ರಮ. ಅವಳ ಹಸುಗಳಿದ್ದ ಕಾಲದಲ್ಲಿ ಆರು ತಿಂಗಳು ಕಟ್ಟಿಹಾಕಿದ್ದ ಅವನ್ನು ಮೊದಲ ಸಲ ಹುಲ್ಲುಗಾವಲಿಗೆ ಬಿಡುವ ದಿನ ಊರೆಲ್ಲ ಬೇಲಿಯ ಬಳಿ ಸೇರುತ್ತಿತ್ತು. ಮುದಿ ಹಸುಗಳೂ ಕರುಗಳ ಹಾಗೆ ಹಿಂಗಾಲು ಎತ್ತಿ ಕುಣಿಯುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಮುಂದಿನ ಹಸುವಿನ ಕೊರಳಲ್ಲಿ ಹಿತ್ತಾಳೆಯ ಗಂಟೆ. ಹಸು ಹೋದ ಮೇಲೆ ಅವಳು ಆ ಗಂಟೆಯನ್ನು ಮೊದಲು ಹೊರಬರುವ ಕಾರಿನ ಮೂತಿಗೆ ಕಟ್ಟತೊಡಗಿದಳು. ಈಗ ಮೇ ತಿಂಗಳ ಮೊದಲ ಶನಿವಾರ ಬಂತೆಂದರೆ ಪಕ್ಕದ ಊರುಗಳಿಂದಲೂ ಜನ ಬರುತ್ತಾರೆ. ಮೊದಲು ಬರುವುದು ರೂನೆಯ ಕಾರು, ಗಂಟೆ ಅದಕ್ಕೇ. ವರ್ಷ ವರ್ಷವೂ ಇದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿದೆ.

ಹೋದ ಅಕ್ಟೋಬರಿನಲ್ಲಿ ಕಾರುಗಳನ್ನು ಒಳಗೆ ಸೇರಿಸುವ ದಿನ, ಇನ್ನೊಬ್ಬರು ಜಾಗ ಕೇಳಿಕೊಂಡು ಬಂದರು. ಕೊಟ್ಟಿಗೆಯ ತೀರಾ ಒಳಗೆ, ಹಿಂದೆ ಕರುಗಳನ್ನು ಕೂಡುತ್ತಿದ್ದ ಮೂಲೆಯಲ್ಲಿ, ಕಂಬಳಿ ಹೊದಿಸಿದ ಏನೋ ಒಂದು ಗುಪ್ಪೆ ಯಾವಾಗಲೂ ಇರುತ್ತಿತ್ತು. ಅವಳಪ್ಪನ ಕಾಲದ ಕಾಳು ಬಡಿಯುವ ಯಂತ್ರ ಎಂದು ನಾವೆಲ್ಲ ತಿಳಿದಿದ್ದೆವು.

"ಈ ಹಳೇ ಗುಜರಿ ತೆಗೆದುಹಾಕಿದ್ರೆ ಇನ್ನೊಂದು ಕಾರು ನಿಲ್ಲುತ್ತಲ್ಲ," ಎಂದು ನಾನು ಕಂಬಳಿಯ ಅಂಚು ಎತ್ತಿಯೇಬಿಟ್ಟೆ.

ಒಳಗಿಂದ ಕ್ರೋಮು ಹೊಳೆಯಿತು. ನನ್ನ ಮುಖ ಅದರಲ್ಲಿ ಕಂಡಿತು. ಇನ್ನೂ ಎತ್ತಿದೆ. ಗುಂಡುಬೆನ್ನಿನ ವೋಲ್ವೊ ಪಿವಿ, 1963ರದು, ಹಾಲಿನ ಕೆನೆಯ ಬಣ್ಣ. ಒಂದು ಗೀರಿಲ್ಲ, ಒಂದು ತುಕ್ಕಿನ ಚುಕ್ಕೆಯಿಲ್ಲ. ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಓಡಿದ ದೂರ ತೋರಿಸುವ ಅಂಕಿ ಎಷ್ಟು ಚಿಕ್ಕದೆಂದರೆ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

ಗುನ್ವೋರ್ ನನ್ನ ಕೈಯಿಂದ ಕಂಬಳಿ ಕಿತ್ತುಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಹುಲ್ಲಿನ ಪಿಂಡಿಯ ಮೇಲೆ ಕೂತಳು.

"ನನ್ನದೇ," ಎಂದಳು. "ಎಪ್ಪತ್ತನಾಲ್ಕರಲ್ಲಿ ತಗೊಂಡಿದ್ದು. ಆಗ ನನಗೆ ಇಪ್ಪತ್ತು. ಮಾರಿದವನೇ ಇಲ್ಲಿವರೆಗೆ ಓಡಿಸ್ಕೊಂಡು ಬಂದು ಬಿಟ್ಟುಹೋದ."

"ಇಷ್ಟು ವರ್ಷ ಯಾಕೆ ಓಡಿಸ್ಲಿಲ್ಲ ಮಾರಾಯ್ತಿ?"

"ಟ್ರ್ಯಾಕ್ಟರ್‌ದು ಬಿಟ್ರೆ ಲೈಸೆನ್ಸ್ ಇಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಆ ವರ್ಷದ ಚಳಿಗಾಲಕ್ಕೆ ಕಾರನ್ನು ಒಳಗಿಟ್ಟು, ವಸಂತದಲ್ಲಿ ಕಲಿಯೋಣ ಎಂದುಕೊಂಡಿದ್ದಳಂತೆ. ಕ್ರಿಸ್‌ಮಸ್ಸಿಗೆ ಮುಂಚೆ ಅವಳಪ್ಪ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು. ಕೊಟ್ಟಿಗೆ ಅವಳ ಪಾಲಿಗೆ ಬಂತು. ಕಾರು ಕಲಿಸುವ ಶಾಲೆ ನಲವತ್ತು ಕಿಲೋಮೀಟರ್ ದೂರದ ಪಟ್ಟಣದಲ್ಲಿ, ಪಾಠದ ಹೊತ್ತೂ ಹಾಲಿನ ಹೊತ್ತೂ ಒಂದೇ. ಮುಂದಿನ ವಸಂತಕ್ಕೆ ಎಂದಳು. ಅದು ಹೋಗಿ ಅದರ ಮುಂದಿನದಾಯಿತು. ಅಷ್ಟರಲ್ಲಿ ಅವಳಿಗೆ ಮೂವತ್ತು, ಆಮೇಲೆ ನಲವತ್ತು. ಊರೆಲ್ಲ ಇವಳಿಗೆ ಲೈಸೆನ್ಸ್ ಇದೆ ಎಂದೇ ತಿಳಿದಿತ್ತು, ಇಲ್ಲ ಎಂದು ಹೇಳುವುದಕ್ಕೆ ನಾಚಿಕೆ. ಕಾರನ್ನು ಮಾತ್ರ ಒಂದು ವರ್ಷವೂ ಬಿಡದೆ ಚಳಿಗಾಲಕ್ಕೆ ಕಟ್ಟಿ ನೋಡಿಕೊಂಡಳು. ತಿಂಗಳಿಗೊಮ್ಮೆ ಎಂಜಿನನ್ನು ಕೈಯಿಂದ ತಿರುಗಿಸುವಳು. ಬೇಸಿಗೆಯಲ್ಲಿ ಊರವರು ಸರೋವರದ ಕಡೆ ಹೋದಾಗ ಕೊಟ್ಟಿಗೆಯ ಒಳಗೇ ಹತ್ತು ಮೀಟರ್ ಮುಂದಕ್ಕೆ, ಹತ್ತು ಮೀಟರ್ ಹಿಂದಕ್ಕೆ. ಓದಿದ್ದೆ ಎಂದಿದ್ದಳಲ್ಲ, ಓದಿದ್ದು ಇಲ್ಲಿ. ನಲವತ್ತೆಂಟು ಚಳಿಗಾಲ ಒಂದೇ ಪಾಠ.

"ತಗೊಂಡಾಗ ಲೆಕ್ಕ ಹಾಕಿದ್ದೆ," ಎಂದಳು. "ಸಮುದ್ರ ಎಂಬತ್ತು ಕಿಲೋಮೀಟರ್. ಬೆಳಗ್ಗೆ ಕರೆದು ಹೊರಟ್ರೆ ಸಾಯಂಕಾಲ ಕರೆಯೋ ಹೊತ್ತಿಗೆ ವಾಪಸ್ ಬರಬಹುದು ಅಂತ. ಸಿಕ್ಸ್ಟೆನ್, ನನಗೆ ಈಗ ಅರವತ್ತೊಂಬತ್ತು. ಬರೋ ಮೇ ತಿಂಗಳು ಎಲ್ಲರ ಕಾರಿನ ಜೊತೆ ಇದೂ ಹೊರಗೆ ಬರ್ಬೇಕು. ನಾನೇ ಓಡಿಸ್ಬೇಕು. ನೀನು ಕಲಿಸು."

"ನಾನಾ? ನನಗೆ ತಾಳ್ಮೆ ಇಲ್ಲ ಅಂತ ಊರಿಗೇ ಗೊತ್ತು."

"ನಂಗೂ ಗೊತ್ತು. ಆದ್ರೆ ಬೇರೆ ಯಾರಿಗೆ ಹೇಳಿದ್ರೂ ರೂನೆಗೆ ಗೊತ್ತಾಗುತ್ತೆ. ಸೋತ್ರೆ ಯಾರಿಗೂ ತಿಳೀಬಾರದು. ಮೈಕೆನ್‌ಗೂ ಹೇಳ್ಬೇಡ."

ಮೈಕೆನ್ ನನ್ನ ಹೆಂಡತಿ. ಅವಳಿಂದ ಏನನ್ನಾದರೂ ಮುಚ್ಚಿಡುವುದಕ್ಕಿಂತ ಗುನ್ವೋರಳಿಗೆ ವಿಮಾನ ಕಲಿಸುವುದು ಸುಲಭ. ಆದರೂ ಆಗಲಿ ಎಂದೆ. ಹೇಳಿದ ಮರುಕ್ಷಣ ನನಗೆ ಎಷ್ಟು ಹುರುಪು ಬಂತೆಂದರೆ, ಮನೆಗೆ ನಡೆದುಕೊಂಡು ಬರುವಾಗ ಎರಡು ಸಲ ಓಡಿದೆ.

ಕಲಿಸಲು ನಾನು ದಿನವೂ ಓಡಿಸುವ ಹೊಸ ಕಾರಿತ್ತು. ತೊಂದರೆ ಒಂದೇ. ಕಲಿಯುವವರು ಕೂತ ಕಾರಿನ ಹಿಂದೆ ಹಸಿರು ಫಲಕ ಅಂಟಿಸಬೇಕೆಂಬುದು ಕಾಯಿದೆ. ಊರ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಹೋದರೆ ಸಂಜೆಯೊಳಗೆ ಗುಟ್ಟು ರಟ್ಟು. ನಾವು ಹೊಸ ವರ್ಷದವರೆಗೆ ಕಾದೆವು. ಸರೋವರ ಹೆಪ್ಪುಗಟ್ಟಿ ಅರ್ಧ ಮೀಟರ್ ದಪ್ಪವಾಯಿತು. ಆಚೆ ದಡದ ಕಡೆ, ಮನೆಗಳಿಲ್ಲದ ಜಾಗದಲ್ಲಿ, ಅವಳೇ ಟ್ರ್ಯಾಕ್ಟರಿನಿಂದ ಹಿಮ ತಳ್ಳಿ ಹಾದಿ ಮಾಡಿದಳು. ಅಡ್ಡರಸ್ತೆ, ತಿರುವು, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ಮಾಡಿದಳು. ಹಾಲಿನ ಡಬ್ಬಗಳನ್ನು ಇಟ್ಟು ಇವು ದಾರಿಹೋಕರು ಎಂದಳು. ಮೊದಲ ವಾರದಲ್ಲಿ ಹನ್ನೊಂದು ದಾರಿಹೋಕರನ್ನು ಕೊಂದಳು.

"ಕ್ಲಚ್ಚು ನಿಧಾನ. ನಿಧಾನ ಅಂದ್ನಲ್ಲ. ಕಾಲು ಅದು, ಕಂಬ ಅಲ್ಲ."

"ಟ್ರ್ಯಾಕ್ಟರ್‌ದು ಹೀಗೇ ತುಳಿಯೋದು."

"ಇದು ಟ್ರ್ಯಾಕ್ಟರ್ ಅಲ್ಲ."

"ಗೊತ್ತು. ಟ್ರ್ಯಾಕ್ಟರ್ ಪಕ್ಕದಲ್ಲಿ ಕೂತು ಯಾರೂ ಕಿರಿಚಲ್ಲ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಿತ್ತು ಅವಳ ಎರಡು ಕಾಲುಗಳ ಕಥೆ. ನಾನು ಎರಡು ಸಲ ಕಾರಿನಿಂದ ಇಳಿದು ಮನೆಯ ಕಡೆ ನಡೆದೆ. ಎರಡು ಸಲವೂ ಅವಳು ಮೊದಲ ಗೇರಿನಲ್ಲೇ ನನ್ನ ಹಿಂದೆ ಬಂದು, ಕಿಟಕಿ ಇಳಿಸಿ, ಹತ್ತು ಅಂದಳು. ಫೆಬ್ರವರಿಯ ಹೊತ್ತಿಗೆ ಅವಳಿಗೆ ಹಿಡಿತ ಸಿಕ್ಕಿತು. ಮಂಜುಗಡ್ಡೆಯ ಮೇಲೆ ಜಾರಿದಾಗ ಹೆದರದೆ, ಬ್ರೇಕು ತುಳಿಯದೆ, ಮೆಲ್ಲಗೆ ತಿರುಗಿಸಿ ಹಾದಿಗೆ ತರುವಳು. ಅಡ್ಡ ಹೋದ ಹೋರಿಯನ್ನು ಎಳೆದರೆ ಬರುವುದಿಲ್ಲ, ಜೊತೆಗೇ ಹೋಗಿ ತಿರುಗಿಸಬೇಕು ಎಂದು ನನಗೇ ಪಾಠ ಹೇಳಿದಳು.

ಆಚೆ ದಡದಲ್ಲಿ ಮನೆಗಳಿಲ್ಲ ನಿಜ, ಆದರೆ ಮೀನಿದೆ. ಮಂಜಿಗೆ ತೂತು ಕೊರೆದು ಮೀನು ಹಿಡಿಯಲು ಬಂದ ರೂನೆ ದೂರದಿಂದ ನಮ್ಮನ್ನು ಕಂಡ. ಫಲಕ ಕಾಣುವಷ್ಟು ಹತ್ತಿರ ಬರಲಿಲ್ಲ. ಅವನಿಗೆ ಕಂಡದ್ದು ಇಷ್ಟು: ಸಿಕ್ಸ್ಟೆನನ ಕಾರು, ಅದರಲ್ಲಿ ಸಿಕ್ಸ್ಟೆನ್ ಮತ್ತು ಗುನ್ವೋರ್, ನಿರ್ಜನ ಸ್ಥಳ, ವಾರಕ್ಕೆ ಮೂರು ದಿನ. ಊರ ಬಾಯಿಗೆ ಮುಚ್ಚಳವೆಲ್ಲಿದೆ. ಅಂಗಡಿಯಲ್ಲಿ ನಾನು ಬ್ರೆಡ್ಡು ಕೊಳ್ಳಲು ನಿಂತರೆ ಮಾತು ನಿಲ್ಲತೊಡಗಿತು. ಒಂದು ದಿನ ರೂನೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಈ ವಯಸ್ಸಲ್ಲಿ ಹೃದಯ ಜೋಪಾನ ಕಣೋ. ಐಸೂ ತೆಳು ಇರುತ್ತೆ."

ಗಂಟಲವರೆಗೆ ಬಂದ ಮಾತನ್ನು ನುಂಗಿದೆ. ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದ ಉದಾಹರಣೆಗಳಲ್ಲಿ ಅದೇ ದೊಡ್ಡದು. ಸುದ್ದಿ ಮನೆಗೂ ಬಂತು. ಗುರುವಾರದ ಬಟಾಣಿ ಸೂಪು ಬಡಿಸುತ್ತ ಮೈಕೆನ್ ಹೇಳಿದಳು:

"ನೀನೂ ಗುನ್ವೋರೂ ಪ್ರೇಮಿಗಳಂತೆ. ಅಂಗಡೀಲಿ ಮಾತು."

"ನೀನೇನಂದೆ?"

"ಗುನ್ವೋರ್ ಅಷ್ಟು ದುಡುಕೋ ಹೆಂಗಸಲ್ಲ ಅಂದೆ. ಏನೋ ಮಾಡ್ತಿದ್ದೀರ, ಹೇಳೋ ಹೊತ್ತಿಗೆ ಹೇಳು. ಸೂಪು ಆರುತ್ತೆ."

ಮಂಜು ಕರಗಿದ ಮೇಲೆ ಪಟ್ಟಣದಲ್ಲಿ ಅಭ್ಯಾಸ. ಊರ ಗಡಿ ದಾಟುವವರೆಗೆ ನಾನು ಓಡಿಸುವುದು, ಆಮೇಲೆ ಫಲಕ ಅಂಟಿಸಿ ಜಾಗ ಬದಲಾಯಿಸುವುದು. ಬರೆಯುವ ಪರೀಕ್ಷೆಯಲ್ಲಿ ಅವಳು ಒಂದೇ ಏಟಿಗೆ ಪಾಸು. ಜಾರುವ ರಸ್ತೆಯ ತರಬೇತಿಯಲ್ಲಿ ಹದಿನೆಂಟರ ಹುಡುಗರೆಲ್ಲ ಅಡ್ಡ ನಿಲ್ಲಿಸಿದ್ದ ಬೊಂಬೆಗಳಿಗೆ ಗುದ್ದಿದರೆ, ಇವಳೊಬ್ಬಳು ನೇರ ಬಂದು ನಿಂತಳು. ಓಡಿಸುವ ಪರೀಕ್ಷೆ ಏಪ್ರಿಲ್ ಹನ್ನೆರಡಕ್ಕೆ. ಗೆದ್ದೇ ಗೆಲ್ಲುತ್ತಾಳೆಂದು ನಾನು ಹೊಸ ಟೋಪಿ ಹಾಕಿಕೊಂಡು ಹೋಗಿ ಹೊರಗೆ ಕಾದೆ.

ಮುಕ್ಕಾಲು ಗಂಟೆಗೆ ವಾಪಸಾದಳು. ಇಳಿದ ಪರೀಕ್ಷಕಿ ತಲೆಯಾಡಿಸುತ್ತ ನನ್ನ ಬಳಿ ಬಂದರು.

"ಇವರು ತುಂಬ ಚೆನ್ನಾಗಿ ಓಡಿಸ್ತಾರೆ. ಆದರೆ ನಡುರಸ್ತೇಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿದ್ರು. ಹಿಂದೆ ಬಸ್ಸು ಹಾರ್ನ್ ಹೊಡೀತಿತ್ತು. ಯಾಕೆ ಅಂತ ನೀವೇ ಕೇಳಿ."

ಕೇಳಿದೆ. ಅಡ್ಡರಸ್ತೆಯಲ್ಲಿ ಎಡಗಡೆಯಿಂದ ಹಳದಿ ಬಣ್ಣದ ತೆರೆದ ಕಾರೊಂದು ಬಂತಂತೆ, ಐವತ್ತರ ದಶಕದ್ದು. ಎಡದಿಂದ ಬಂದವರು ನಿಲ್ಲಬೇಕು, ಇವಳು ಹೋಗಬೇಕು. ಇವಳು ನಿಂತು, ಕೈಬೀಸಿ ಅದಕ್ಕೆ ದಾರಿ ಬಿಟ್ಟಳು.

"ಆರು ತಿಂಗಳಾದ ಮೇಲೆ ಹೊರಗೆ ಬಂದಿದೆ ಸಿಕ್ಸ್ಟೆನ್. ಅದನ್ನ ಹೇಗೆ ತಡೆಯೋದು? ಮೂರನೇ ಸಿಲಿಂಡರ್ ಸರಿಯಾಗಿ ಉರೀತಿರ್ಲಿಲ್ಲ, ಕೇಳಿಸ್ಕೊಳ್ಳೋಣ ಅಂತ ಎಂಜಿನ್ ಆಫ್ ಮಾಡ್ದೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಆಮೇಲೆ ಅವಳ ಮುಖ ನೋಡಿ ಅದೂ ನಿಂತಿತು. ತುಟಿ ಬಿಗಿಹಿಡಿದು ಕೂತಿದ್ದಳು. "ನಲವತ್ತೊಂಬತ್ತು ವರ್ಷ ಆಯ್ತು, ಇನ್ನೊಂದಾಗ್ಲಿ ಬಿಡು, ಮುಂದಿನ ವಸಂತಕ್ಕೆ ನೋಡೋಣ," ಎಂದಳು. ಮುಂದಿನ ವಸಂತ ಎನ್ನುತ್ತಲೇ ಅವಳ ಇಡೀ ಆಯುಸ್ಸು ಹೋಗಿತ್ತು.

"ಮುಂದಿನ ವಸಂತ ಅನ್ನೋ ಮಾತು ಇನ್ನೊಂದ್ಸಲ ಎತ್ತಿದ್ರೆ ನಿನ್ನನ್ನ ಇಲ್ಲೇ ಇಳಿಸ್ಬಿಡ್ತೀನಿ," ಎಂದು ಗದರಿಸಿದೆ.

ಪರೀಕ್ಷೆಗೆ ದಿನ ಸಿಗುವುದು ಸುಲಭವಲ್ಲ, ಜೂನಿನವರೆಗೆ ಭರ್ತಿ. ಯಾರಾದರೂ ಬಿಟ್ಟುಕೊಟ್ಟ ಜಾಗ ಸಿಗಬಹುದೆಂದು ನಾನು ಬೆಳಗ್ಗೆ ಸಂಜೆ ಕಂಪ್ಯೂಟರಿನ ಮುಂದೆ ಕೂತೆ. ಮೈಕೆನ್ ನೋಡಿಯೂ ನೋಡದ ಹಾಗೆ ಕಾಫಿ ತಂದಿಡುವಳು. ಹದಿನಾಲ್ಕನೆಯ ದಿನ ಸಿಕ್ಕಿತು: ಶುಕ್ರವಾರ, ಮೇ ಐದು, ಮಧ್ಯಾಹ್ನ ಎರಡು ಗಂಟೆ. ಕಾರು ಬಿಡುವುದು ಶನಿವಾರ, ಮೇ ಆರು.

ಇತ್ತ ಊರಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ರಸ್ತೆಯ ಉಪ್ಪು ತೊಳೆದುಹೋಗದೆ ಗುನ್ವೋರ್ ಒಂದು ಕಾರನ್ನೂ ಬಿಡುವುದಿಲ್ಲ. ಮಳೆ ಬರಬೇಕು. ಒಂದು ಮಳೆ ಬಂತು. ನಾವು ಹತ್ತು ಹನ್ನೆರಡು ಜನ ಅವಳ ಮನೆಯ ಮುಂದೆ ರಸ್ತೆಯಲ್ಲಿ ಸೇರಿದೆವು. ಅವಳು ಬಂದು ಮಂಡಿಯೂರಿ, ಬೆರಳು ಒದ್ದೆ ಮಾಡಿ, ಟಾರಿಗೆ ಉಜ್ಜಿ ನಾಲಿಗೆಗೆ ಹಚ್ಚಿಕೊಂಡಳು. ನಾವೆಲ್ಲ ಉಸಿರು ಹಿಡಿದು ಅವಳ ನಾಲಿಗೆಯನ್ನೇ ನೋಡಿದೆವು.

"ಇನ್ನೂ ಇದೆ," ಎಂದಳು. ರೂನೆ ಟೋಪಿ ತೆಗೆದು ನೆಲಕ್ಕೆ ಬಡಿದ.

ಮೇ ಮೂರರಂದು ಇಡೀ ದಿನ ಜಡಿಮಳೆ. ನಾಲ್ಕರ ಬೆಳಗ್ಗೆ ಮತ್ತೆ ಮಂಡಿಯೂರಿ ನೆಕ್ಕಿದಳು. ಸ್ವಲ್ಪ ಹೊತ್ತು ಚಪ್ಪರಿಸಿ, "ಸಪ್ಪೆ," ಎಂದಳು. ದೊಡ್ಡ ದೊಡ್ಡ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ರೂನೆಯನ್ನೂ ತಬ್ಬಿಕೊಂಡೆನೆಂದರೆ ನನ್ನ ಸ್ಥಿತಿ ಹೇಗಿತ್ತೆಂದು ತಿಳಿಯಿರಿ.

ಶುಕ್ರವಾರ ಎರಡು ಗಂಟೆಗೆ ಅವಳು ಅದೇ ಪರೀಕ್ಷಕಿಯ ಜೊತೆ ಹೊರಟಳು. ಹೊರಡುವ ಮುಂಚೆ ಕಿಟಕಿಗೆ ಬಗ್ಗಿ ಹೇಳಿದೆ: "ಸ್ವತಃ ರಾಜರ ಕಾರು ಬಂದ್ರೂ ನಿಲ್ಸಬೇಡ." ಮೈಕೆನ್ ಕಟ್ಟಿಕೊಟ್ಟಿದ್ದ ಆರು ಬನ್ನುಗಳನ್ನು ನಾನೊಬ್ಬನೇ ತಿಂದು ಮುಗಿಸಿದೆ.

ಕಾರು ಬಂತು. ಪರೀಕ್ಷಕಿ ಏನೋ ಹೇಳಿ ಒಳಗೆ ಹೋದರು. ಗುನ್ವೋರ್ ಇಳಿದಳು. ನನ್ನ ಕಡೆ ನೋಡಲೇ ಇಲ್ಲ. ನೇರ ಕಾರಿನ ಹಿಂದಕ್ಕೆ ಹೋಗಿ, ಹಸಿರು ಫಲಕವನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ತಂದು ನನ್ನ ಕೈಗೆ ಕೊಟ್ಟಳು.

"ಆ ಕಡೆ ಕೂತ್ಕೋ," ಎಂದಳು. "ನಾನು ಓಡಿಸ್ತೀನಿ."

ಅಂಗಡಿ ಕೆಲಸ ಮುಗಿಸಿ ಹೊರಟದ್ದರಿಂದ ದಾರಿಯಲ್ಲೇ ನಾಲ್ಕೂವರೆ ಆಯಿತು. ಅವಳು ಗಡಿಯಾರ ನೋಡಿ ವೇಗ ಹೆಚ್ಚಿಸಿದಳು.

"ಏನವಸರ?"

"ಐದಕ್ಕೆ ಮನೇಲಿರ್ಬೇಕು," ಎಂದಳು, ಅದು ಕೇಳುವಂಥ ಪ್ರಶ್ನೆಯೇ ಅಲ್ಲವೆಂಬಂತೆ.

ಶನಿವಾರ ಬಿಸಿಲು. ಬೇಲಿಯುದ್ದಕ್ಕೂ ಜನ, ಹೆಗಲ ಮೇಲೆ ಮಕ್ಕಳು, ಉದ್ದ ಮೇಜಿನ ಮೇಲೆ ಕಾಫಿಯ ಫ್ಲಾಸ್ಕುಗಳು. ಹನ್ನೊಂದು ಗಂಟೆಗೆ ಗುನ್ವೋರ್ ಬಾಗಿಲಿನ ಎರಡೂ ಕದ ತೆಗೆದು, ರೂನೆಯ ಕಾರಿನ ಮೂತಿಗೆ ಗಂಟೆ ಕಟ್ಟಿದಳು. ಡೋಕಾಳ ಜಾಗದ ಆ ಕಾರು ಕೆಮ್ಮಿತು, ಗುಡುಗಿತು, ಹೊರಬಂತು. ಜನ ಚಪ್ಪಾಳೆ ತಟ್ಟಿದರು. ಅದರ ಹಿಂದೆ ಒಂದೊಂದಾಗಿ ಎಲ್ಲವೂ ಬಂದವು. ಹುಲ್ಲುಗಾವಲಿನಲ್ಲಿ ಸುತ್ತು ಹಾಕಿದವು, ಹಾರ್ನು ಹೊಡೆದವು. ನನ್ನದೂ ಬಂತು, ಒಂದೆರಡು ಹನಿ ಬಿಟ್ಟುಕೊಂಡು. ಹದಿನಾಲ್ಕನೆಯದು ಹೊರಗೆ ಬಂದ ಮೇಲೆ ಜನ ಮೇಜಿನ ಕಡೆ ತಿರುಗಿದರು.

ನಾನು ತಿರುಗಲಿಲ್ಲ. ಕತ್ತಲೆಯ ಒಳಗೆ ಎಂಜಿನೊಂದು ಹೊತ್ತಿಕೊಂಡಿತು. ಸಣ್ಣ ಸದ್ದು, ಹೊಲಿಗೆ ಯಂತ್ರದ ಹಾಗೆ ಒಂದೇ ಸಮ. ಮೈಕೆನ್ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲಿನ ಕಡೆ ನೋಡಿದರು. ಕೆನೆಬಣ್ಣದ ಗುಂಡುಬೆನ್ನಿನ ಕಾರು ಮೆಲ್ಲಗೆ ಬಿಸಿಲಿಗೆ ಬಂತು. ಒಳಗೆ ಗುನ್ವೋರ್, ಚರ್ಚಿಗೆ ಹಾಕುವ ಕೋಟಿನಲ್ಲಿ, ಎರಡು ಕೈಯಿಂದಲೂ ಸ್ಟೀರಿಂಗ್ ಚಕ್ರ ಹಿಡಿದು ಕೂತಿದ್ದಳು. ಯಾರೂ ಚಪ್ಪಾ‌ಳೆ ತಟ್ಟಲಿಲ್ಲ, ತಟ್ಟುವುದೇ ಮರೆತುಹೋಗಿತ್ತು.

"ಯಾರದು ಆ ಕಾರು?" ಎಂದ ರೂನೆ.

"ಅವಳದೇ. ನಲವತ್ತೊಂಬತ್ತು ವರ್ಷದಿಂದ ಒಳಗಿತ್ತು. ಲೈಸೆನ್ಸ್ ನಿನ್ನೆ ಬಂತು," ಎಂದೆ. "ಐಸ್ ಮೇಲೆ ಕಲಿಸಿದವನು ನಾನು."

ರೂನೆ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. ಆಮೇಲೆ ಆ ಭಾರಿ ಮನುಷ್ಯ ತನ್ನ ಕಾರಿನ ಕಡೆ ಓಡಿದ, ನಿಜವಾಗಿಯೂ ಓಡಿದ. ಗಂಟೆಯನ್ನು ಬಿಚ್ಚಿ ತಂದು, ಮಂಡಿಯೂರಿ, ಅವಳ ಕಾರಿನ ಮುಂದೆ ಕಟ್ಟಿದ. ಅಲ್ಲಿಯವರೆಗೂ ನನಗೆ ಅವನ ಮೇಲಿದ್ದ ಸಿಟ್ಟು ಆ ಗಂಟು ಬಿಗಿಯುವಷ್ಟರಲ್ಲಿ ಇಳಿದುಹೋಯಿತು.

ಹುಲ್ಲುಗಾವಲಿನಲ್ಲಿ ಸುತ್ತು ಹಾಕಿ ಕಾಫಿಗೆ ಬರುತ್ತಾಳೆಂದುಕೊಂಡೆವು. ಅವಳು ಬೇಲಿಯ ಬಳಿ ಬಂದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ದೀಪ ಮಿಣುಕಿಸಿ, ರಸ್ತೆಗೆ ಇಳಿದಳು. ಗಂಟೆಯ ಸದ್ದು ಗರಗಸದ ಕಾರ್ಖಾನೆಯ ತಿರುವಿನವರೆಗೂ ಕೇಳಿಸಿತು. ನಾನು ಅಳುತ್ತಿದ್ದೆ. ಮೈಕೆನ್ ಕರವಸ್ತ್ರ ಕೊಟ್ಟು, ಅವಳೇನೋ ಬುದ್ಧಿವಂತೆ, ನೀನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆಯಲ್ಲ ಅದೇ ಅಚ್ಚರಿ, ಎಂದಳು.

ಮಧ್ಯಾಹ್ನ ಕಳೆಯಿತು. ಜನ ಚದುರಿದರು. ನಾವು ಕಾರಿನವರು ಮಾತ್ರ ಉಳಿದೆವು. ನಾಲ್ಕೂವರೆಗೆ ಯಾರೂ ಹೇಳದೆಯೇ ಎಲ್ಲರೂ ರಸ್ತೆಯ ಕಡೆ ನೋಡಿದೆವು. ಐದಾಯಿತು. ಐದು ದಾಟಿತು. ಅವಳ ಮೊಬೈಲು ಅಡುಗೆಮನೆಯ ಮೇಜಿನ ಮೇಲೆಯೇ ಬಿದ್ದಿತ್ತು. ರೂನೆ ಹುಡುಕಿಕೊಂಡು ಹೋಗೋಣವೆಂದು ಕೀಲಿ ತೆಗೆಯುವಷ್ಟರಲ್ಲಿ ನನ್ನ ಫೋನು ಬಡಿಯಿತು, ಗುರುತಿಲ್ಲದ ನಂಬರು.

"ಸಿಕ್ಸ್ಟೆನ್, ಗಂಟೆ ಎಷ್ಟು?"

"ಐದೂ ಇಪ್ಪತ್ತು. ಎಲ್ಲಿದ್ದೀಯ ನೀನು?"

"ಐದೂ ಇಪ್ಪತ್ತಾ," ಎಂದಳು. ಹಿಂದೆ ಗಾಳಿಯ ಸದ್ದು, ಕಡಲಹಕ್ಕಿಗಳ ಕಿರುಚಾಟ. "ಸಮುದ್ರದ ಹತ್ರ. ಇಲ್ಲಿ ಕಾಫಿ ಅಂಗಡಿಯವಳು ಫೋನ್ ಕೊಟ್ಳು. ನಾಲ್ಕೂವರೆ ಆಯ್ತಲ್ಲ, ಎದ್ದು ನಿಂತೆ ಕಣೋ. ಕೋಟೂ ಹಾಕ್ಕೊಂಡೆ."

"ಮತ್ತೆ?"

"ಮತ್ತೆ ಕೂತ್ಕೊಂಡೆ. ಇನ್ನೊಂದು ಕಾಫಿ ಹೇಳಿದ್ದೀನಿ."

ನಾನು ಫೋನು ಕಿವಿಯಿಂದ ತೆಗೆದು ಎಲ್ಲರಿಗೂ ಹೇಳಿದೆ. ರೂನೆ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ಸರಿ, ನಿಧಾನಕ್ಕೆ ಕುಡಿ," ಎಂದೆ. "ಕೊಟ್ಟಿಗೆ ಬಾಗಿಲು ನಾನು ಹಾಕ್ತೀನಿ."